ತಿದ್ದಿದ್ದನ್ನು ಓದುವ ಕೆಲಸ

(ದಾವಣಗೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿಯನ್ನೋ ಒಂದು ಕಾವ್ಯವನ್ನೋ ಆರಿಸಿಕೊಂಡು ಮಾತನಾಡುವುದು ರೂಢಿ. ನಾನು ಆರಿಸಿಕೊಂಡಿರುವುದು ತಂತ್ರಾಂಶದೊಳಗಿನ ಒಂದು ಸಣ್ಣ ದೋಷವನ್ನು, ಅದನ್ನು ತಿದ್ದಲು ಬರೆದ ಕೆಲವೇ ಸಾಲುಗಳನ್ನು, ಆ ತಿದ್ದುಪಡಿ ಸರಿಯೇ ಎಂದು ಓದಿ ಹೇಳುವ ಕೆಲಸವನ್ನು. ನಮ್ಮ ಕಚೇರಿಗಳಲ್ಲಿ ಅದಕ್ಕೆ ರಿವ್ಯೂ ಎನ್ನುತ್ತಾರೆ. ನಾನು ಹೇಳಬೇಕೆಂದಿರುವುದು ಇಷ್ಟು: ಪರಿಶೀಲಿಸುವವನ ಕಣ್ಣು ಬದಲಾದ ಸಾಲುಗಳ ಮೇಲಷ್ಟೇ ಇದ್ದರೆ ಸಾಲದು, ನಾಳೆ ಆ ಸಾಲುಗಳಿಗೆ ಎದುರಾಗುವ ಬರಹದ ಮೇಲೂ ಇರಬೇಕು. ಆ ಬರಹದಲ್ಲಿ ಕನ್ನಡವೂ ಇದೆ. ಕನ್ನಡ ಬಲ್ಲವರು ಪರಿಶೀಲನೆಗೆ ಕೂರದಿದ್ದರೆ ಕನ್ನಡಕ್ಕೆ ಬೀಳುವ ಪೆಟ್ಟು ಬೇರೆ ಯಾರಿಗೂ ಕಾಣಿಸದು.

ಸಭೆಯಲ್ಲಿ ಕನ್ನಡ ಮೇಷ್ಟರು ಹೆಚ್ಚಿದ್ದೀರಿ. ನಿಮಗೆ ಹತ್ತಿರವಾದ ದಾರಿಯಿಂದಲೇ ಹೊರಡುತ್ತೇನೆ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ 1964ರಲ್ಲಿ ಪ್ರಕಟವಾಯಿತು. ಒಂದೇ ಕಾವ್ಯದ ನಾಲ್ಕಾರು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು, ಎಲ್ಲೆಲ್ಲಿ ಪಾಠ ಬೇರೆಯಾಗುತ್ತದೆ ಎಂದು ಗುರುತಿಸಿ, ಯಾವ ಪ್ರತಿಯಲ್ಲಿ ಏನಿದೆ ಎಂಬುದನ್ನು ಅಡಿಯಲ್ಲಿ ಕೊಡುವ ಶಿಸ್ತನ್ನು ಆ ಪುಸ್ತಕ ಕಲಿಸುತ್ತದೆ. ಹರಿಹರದ ಶಾಸನಗಳನ್ನು ಓದಿದವರಿಗೂ ಇದರ ಕಷ್ಟ ಗೊತ್ತು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಳಾಳ್ವ 1223-24ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನಗಳು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿವೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ನಮ್ಮ ಶಾಸನಗಳನ್ನು ಆ ಹಳೆಯ ಜಿಲ್ಲೆಯ ಹೆಸರಿನಡಿಯೇ ಹುಡುಕಬೇಕು. ಕಲ್ಲಿನ ಮೇಲಿರುವುದಕ್ಕೂ ಅಚ್ಚಾದ ಪಾಠಕ್ಕೂ ನಡುವೆ ಒಂದಕ್ಷರ ವ್ಯತ್ಯಾಸ ಬಂದರೂ ಸಂಶೋಧಕರು ಕಲ್ಲಿನ ಹತ್ತಿರವೇ ಹೋಗಿ ನೋಡುತ್ತಾರೆ.

ಕಂಪ್ಯೂಟರಿನಲ್ಲಿ ಈ ಕೆಲಸ ಮಾಡುವ ಸಲಕರಣೆಯೇ ಡಿಫ್. ಬೆಲ್ ಲ್ಯಾಬ್ಸ್‌ನಲ್ಲಿ ಡಗ್ಲಸ್ ಮ್ಯಾಕಿಲ್‌ರಾಯ್ 1970ರ ದಶಕದ ಮೊದಲ ಭಾಗದಲ್ಲಿ ಅದನ್ನು ರೂಪಿಸಿದರು. ಅದರ ಹಿಂದಿನ ವಿಧಾನವನ್ನು ವಿವರಿಸುವ ವರದಿಯನ್ನು ಜೇಮ್ಸ್ ಹಂಟ್ ಜೊತೆ 1976ರಲ್ಲಿ ಬರೆದರು. ಎರಡು ಫೈಲುಗಳಿಗೆ ಸಮಾನವಾದ, ಕ್ರಮ ತಪ್ಪದ, ಆದಷ್ಟು ಉದ್ದನೆಯ ಸಾಲುಸರಣಿಯನ್ನು ಹುಡುಕು, ಅದರಲ್ಲಿ ಸೇರದೆ ಉಳಿದದ್ದೆಲ್ಲ ವ್ಯತ್ಯಾಸ — ತತ್ತ್ವ ಇದು. ಇಂದು ಹೆಚ್ಚು ಬಳಕೆಯಲ್ಲಿರುವ ವಿಧಾನವನ್ನು ಯೂಜೀನ್ ಮೈಯರ್ಸ್ 1986ರಲ್ಲಿ ಪ್ರಕಟಿಸಿದರು. ಒಂದು ಸ್ವಾರಸ್ಯ ಹೇಳಲೇಬೇಕು. ಓಲೆ ನಕಲು ಮಾಡುವ ಲಿಪಿಕಾರ ಒಂದೇ ಪದ ಎರಡು ಕಡೆ ಬಂದಾಗ ಮೊದಲನೆಯದರಿಂದ ಎರಡನೆಯದಕ್ಕೆ ಕಣ್ಣು ಹಾರಿಸಿ ನಡುವಿನದನ್ನು ಬಿಟ್ಟುಬಿಡುತ್ತಿದ್ದ. ಡಿಫ್ ಕೂಡ ಮತ್ತೆ ಮತ್ತೆ ಬರುವ ಸಾಲುಗಳಲ್ಲಿಯೇ ದಾರಿ ತಪ್ಪುತ್ತದೆ. ಬರೀ ಒಂದು ಆವರಣ ಚಿಹ್ನೆಯಿರುವ ಸಾಲುಗಳು ಪ್ರೋಗ್ರಾಮಿನಲ್ಲಿ ಹತ್ತಾರು ಇರುತ್ತವೆ. ಯಾವುದಕ್ಕೆ ಯಾವುದು ಜೋಡಿ ಎಂದು ಅದಕ್ಕೆ ತಿಳಿಯದು. ಬ್ರಾಮ್ ಕೋಹೆನ್ ಇದಕ್ಕೆ ಕಂಡುಕೊಂಡ ಉಪಾಯವನ್ನು ಯಾವ ಗ್ರಂಥಸಂಪಾದಕನಾದರೂ ಒಪ್ಪುತ್ತಾನೆ: ಎರಡೂ ಪ್ರತಿಗಳಲ್ಲಿ ಒಂದೊಂದೇ ಸಲ ಬರುವ ಸಾಲುಗಳನ್ನು ಮೊದಲು ಗೂಟವಾಗಿ ನೆಡು, ಉಳಿದವನ್ನು ಅವುಗಳ ನಡುವೆ ಹೊಂದಿಸು.

1985ರಲ್ಲಿ ಲ್ಯಾರಿ ವಾಲ್ ಪ್ಯಾಚ್ ಎಂಬ ಪ್ರೋಗ್ರಾಮ್ ಬರೆದ ಮೇಲೆ ಪರಿಸ್ಥಿತಿ ಬದಲಾಯಿತು. ಅಲ್ಲಿಯವರೆಗೆ ಡಿಫ್ ಕೊಡುತ್ತಿದ್ದ ಪಟ್ಟಿಯನ್ನು ಹೆಚ್ಚಾಗಿ ಮನುಷ್ಯರು ಓದುತ್ತಿದ್ದರು. ಅದನ್ನು ಯಂತ್ರವೇ ಓದಿ ಹಳೆಯ ಫೈಲನ್ನು ಹೊಸದಾಗಿಸುವುದು ಮನೆಮಾತಾಯಿತು. 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್, ಫೈಲುಗಳ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ಸಲಕರಣೆಯನ್ನು ಶುರು ಮಾಡಿದರು, ಕೆಲವೇ ತಿಂಗಳಲ್ಲಿ ಜೂನಿಯೊ ಹಮಾನೊ ಅದರ ಉಸ್ತುವಾರಿ ಹೊತ್ತರು. ಇಂದು ಬೆಂಗಳೂರಿನಲ್ಲಿ ಕೂತ ನಮ್ಮ ಬಿಡಿಟಿ ಕಾಲೇಜಿನ ಹುಡುಗಿ, ಬಾಪೂಜಿ ಕಾಲೇಜಿನ ಹುಡುಗ ದಿನಕ್ಕೆ ಎಷ್ಟು ಸಲ ಡಿಫ್ ನೋಡುತ್ತಾರೋ ಲೆಕ್ಕವಿಲ್ಲ. ಅವರ ಪರದೆಯ ಮೇಲೆ ಕೆಂಪು ಹಸಿರು ಬಣ್ಣದಲ್ಲಿ ಕಾಣುವುದು ಡಿಫ್ ಕೊಟ್ಟ ಮೂಲ ಪಟ್ಟಿಯಲ್ಲ. ನಡುವೆ ಇನ್ನೊಂದು ಪ್ರೋಗ್ರಾಮ್ ಆ ಪಟ್ಟಿಯನ್ನು ಓದಿ, ಇದು ಯಾವ ಫೈಲು, ಯಾವ ಸಾಲು ಹೋಯಿತು, ಯಾವುದು ಬಂತು ಎಂದು ಬಿಡಿಸಿ ಕೊಟ್ಟಿರುತ್ತದೆ. ಅದೇ ಡಿಫ್ ಪಾರ್ಸರ್. ಅದು ತಪ್ಪಿದರೆ ಪರಿಶೀಲಕನ ಕಣ್ಣಿಗೆ ಬೀಳುವುದೇ ತಪ್ಪು ಪಾಠ.

ಈಗ ದೋಷಕ್ಕೆ ಬರೋಣ. ಇದು ಯಾವುದೋ ಒಂದು ಸಲಕರಣೆಯ ಕಥೆಯಲ್ಲ, ಈ ಬಗೆಯ ಪಾರ್ಸರ್ ಬರೆಯುವವರು ಯಾರಾದರೂ ಸುಲಭವಾಗಿ ಬೀಳಬಹುದಾದ ಹಳ್ಳ. ಡಿಫ್ ಪಟ್ಟಿಯಲ್ಲಿ ತೆಗೆದುಹಾಕಿದ ಸಾಲಿನ ಮುಂದೆ ಒಂದು ಅಡ್ಡಗೆರೆ, ಸೇರಿಸಿದ ಸಾಲಿನ ಮುಂದೆ ಒಂದು ಕೂಡು ಚಿಹ್ನೆ, ಬದಲಾಗದ ಸಾಲಿನ ಮುಂದೆ ಒಂದು ಖಾಲಿ ಜಾಗ. ಹೊಸ ಫೈಲು ಶುರುವಾಗುವಾಗ ಮೂರು ಅಡ್ಡಗೆರೆ ಹಾಕಿ ಹಳೆಯ ಹೆಸರು, ಮುಂದಿನ ಸಾಲಿನಲ್ಲಿ ಮೂರು ಕೂಡು ಚಿಹ್ನೆ ಹಾಕಿ ಹೊಸ ಹೆಸರು. ನಮ್ಮ ಎಪಿಎಂಸಿಯ ಒಬ್ಬ ದಲಾಲರ ಅಂಗಡಿಗೆ ಲೆಕ್ಕದ ತಂತ್ರಾಂಶ ಬರೆದುಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಅದರ ಡೇಟಾಬೇಸ್ ಫೈಲಿನಲ್ಲಿ ಓದುಗರಿಗಾಗಿ ಒಂದು ಟಿಪ್ಪಣಿ ಸಾಲು ಇದೆ:

-- ಮೆಕ್ಕೆಜೋಳದ ದರ

ಎಸ್‌ಕ್ಯೂಎಲ್ ಭಾಷೆಯಲ್ಲಿ ಟಿಪ್ಪಣಿ ಶುರುವಾಗುವುದೇ ಎರಡು ಅಡ್ಡಗೆರೆಯಿಂದ. ಈ ಸಾಲನ್ನು ಯಾರೋ ತೆಗೆದರು. ಡಿಫ್ ತನ್ನ ನಿಯಮದಂತೆ ಮುಂದೆ ಇನ್ನೊಂದು ಗೆರೆ ಸೇರಿಸಿತು:

--- ಮೆಕ್ಕೆಜೋಳದ ದರ

ಮೂರು ಗೆರೆ ಕಂಡ ಪಾರ್ಸರ್, ಇಲ್ಲಿಂದ ‘ಮೆಕ್ಕೆಜೋಳದ ದರ’ ಎಂಬ ಹೊಸ ಫೈಲು ಶುರುವಾಯಿತು ಎಂದು ತಿಳಿಯಿತು. ಹಿಂದಿನ ಫೈಲು ಅಲ್ಲಿಗೇ ಮುಗಿಯಿತು. ಅದರ ಕೆಳಗೆ ಕ್ವಿಂಟಲ್ ದರದ ಲೆಕ್ಕವನ್ನೇ ಬದಲಾಯಿಸಿದ ಸಾಲುಗಳಿದ್ದರೆ ಅವು ಇಲ್ಲದ ಫೈಲಿನ ಪಾಲಾದವು. ಪರಿಶೀಲಿಸುವವನ ಪರದೆಗೆ ಅವು ಬರಲೇ ಇಲ್ಲ. ಅವನು ಕಂಡಷ್ಟನ್ನು ಪ್ರಾಮಾಣಿಕವಾಗಿ ಓದಿ ಸರಿ ಎಂದು ಒಪ್ಪಿಗೆ ಕೊಟ್ಟ. ಇಂಥ ದೋಷವನ್ನು ನಾನು ಕ್ಷುಲ್ಲಕ ಎನ್ನಲಾರೆ. ಪ್ರೋಗ್ರಾಮ್ ನಿಂತುಹೋಗಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಸದ್ದಿಲ್ಲದೆ ಸಾಲು ನುಂಗುವ ದೋಷ ಅದಕ್ಕಿಂತ ಕೆಟ್ಟದ್ದು.

ಇದಕ್ಕೆ ತಿದ್ದುಪಡಿ ಬರೆಯುವವರಿಗೆ ಮೊದಲು ಹೊಳೆಯುವುದು ಒಂದು ಸುಲಭ ಉಪಾಯ. ಮೂರು ಗೆರೆಯ ಸಾಲಿನ ಬೆನ್ನಿಗೇ ಮೂರು ಕೂಡು ಚಿಹ್ನೆಯ ಸಾಲು ಬಂದರೆ ಮಾತ್ರ ಹೊಸ ಫೈಲು ಎಂದು ನಂಬು, ಇಲ್ಲವಾದರೆ ನಂಬಬೇಡ. ಎರಡೇ ಸಾಲಿನ ಬದಲಾವಣೆ. ಮೆಕ್ಕೆಜೋಳದ ಉದಾಹರಣೆಗೆ ಪರಿಹಾರವೂ ಸಿಕ್ಕಿತು. ಇಲ್ಲಿ ಒಪ್ಪಿಗೆಯ ಗುಂಡಿ ಒತ್ತಿಬಿಡುವ ಪರಿಶೀಲಕರು ಬಹಳ. ಒಳ್ಳೆಯ ಪರಿಶೀಲಕ ಇಲ್ಲಿ ಕೈ ತಡೆದು ಕೇಳುತ್ತಾನೆ: ಎರಡು ಗೆರೆಯ ಸಾಲು ಹೋಗಿ, ಅದರ ಜಾಗಕ್ಕೆ ಎರಡು ಕೂಡು ಚಿಹ್ನೆಯಿಂದ ಶುರುವಾಗುವ ಸಾಲು ಬಂದರೆ? ಆಗ ಪಟ್ಟಿಯಲ್ಲಿ ಮೂರು ಗೆರೆ, ಅದರ ಕೆಳಗೇ ಮೂರು ಕೂಡು ಚಿಹ್ನೆ ನಿಲ್ಲುತ್ತವೆ. ಹೊಸ ನಿಯಮಕ್ಕೂ ಮೋಸವಾಯಿತು. ದೋಷ ಹೋಗಲಿಲ್ಲ, ಇನ್ನಷ್ಟು ಅಪರೂಪವಾಯಿತು ಅಷ್ಟೆ. ಅಪರೂಪವಾದ ದೋಷವನ್ನು ಹಿಡಿಯುವುದು ಇನ್ನೂ ಕಷ್ಟ, ಆದ್ದರಿಂದ ಇಂಥ ತಿದ್ದುಪಡಿಯನ್ನು ಹಿಂದಿರುಗಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸರಿಯಾದ ದಾರಿ ಪಟ್ಟಿಯೊಳಗೇ ಇದೆ. ಬದಲಾವಣೆಯ ಪ್ರತಿ ತುಣುಕಿನ ತಲೆಯ ಮೇಲೆ ಹೀಗೊಂದು ಸಾಲು ಇರುತ್ತದೆ:

@@ -12,7 +12,6 @@

ಹಳೆಯ ಫೈಲಿನ 12ನೇ ಸಾಲಿನಿಂದ 7 ಸಾಲು, ಹೊಸ ಫೈಲಿನ 12ನೇ ಸಾಲಿನಿಂದ 6 ಸಾಲು ಎಂದರ್ಥ. ಬದಲಾಗದ ಸಾಲು ಬಂದರೆ ಎರಡೂ ಲೆಕ್ಕದಿಂದ ಒಂದೊಂದು ಕಳೆ. ತೆಗೆದ ಸಾಲು ಬಂದರೆ ಹಳೆಯದರಿಂದ, ಸೇರಿಸಿದ ಸಾಲು ಬಂದರೆ ಹೊಸದರಿಂದ. ಎರಡೂ ಸೊನ್ನೆಯಾಗುವವರೆಗೆ ಎದುರಾಗುವ ಸಾಲು ಹೇಗೇ ಶುರುವಾಗಲಿ, ಅದು ಫೈಲಿನ ಒಳಗಿನ ಮಾತು. ನಮ್ಮ ಉದಾಹರಣೆಯಲ್ಲಿ ಮೇಲೆ 3, ಕೆಳಗೆ 3 ಬದಲಾಗದ ಸಾಲು, ನಡುವೆ ತೆಗೆದ ಒಂದು: ಹಳೆಯದು 7, ಹೊಸದು 6. ಲೆಕ್ಕ ಕೂಡಿತು, ಮೆಕ್ಕೆಜೋಳ ತನ್ನ ಫೈಲಿನಲ್ಲೇ ಉಳಿಯಿತು. ಗಿಟ್ ಮೂಲಕ ಇಮೇಲ್‌ನಲ್ಲಿ ಕಳಿಸುವ ಡಿಫ್ ಪಟ್ಟಿಯ ಕೊನೆಯಲ್ಲಿ ಎರಡು ಗೆರೆ ಹಾಕಿ ಗಿಟ್‌ನ ಆವೃತ್ತಿ ಸಂಖ್ಯೆ ಬರೆದಿರುತ್ತದೆ. ಎಣಿಸದ ಪಾರ್ಸರ್ ಅದನ್ನೂ ತೆಗೆದ ಸಾಲು ಎಂದೇ ಓದುತ್ತದೆ. ಎಣಿಸುವ ಪಾರ್ಸರ್ ತುಣುಕು ಮುಗಿದಿದ್ದನ್ನು ಬಲ್ಲದು, ಅದನ್ನು ಮುಟ್ಟುವುದಿಲ್ಲ.

ಆದರೆ ಎಣಿಕೆಯ ತಿದ್ದುಪಡಿಯನ್ನೂ ಪ್ರಶ್ನಿಸದೆ ಬಿಡುವಂತಿಲ್ಲ. ಸಾಲು ಒಂದೇ ಇದ್ದಾಗ ಡಿಫ್ ಆ ಸಂಖ್ಯೆಯನ್ನೇ ಬರೆಯುವುದಿಲ್ಲ. ಬರೆಯದಿದ್ದರೆ ಸೊನ್ನೆ ಎಂದು ಹಿಡಿದಿದ್ದಾರೋ, ಒಂದು ಎಂದೋ? ಫೈಲಿನ ಕೊನೆಯ ಸಾಲು ಪೂರ್ತಿ ಮುಗಿದಿಲ್ಲ ಎಂದು ಹೇಳುವ, ಹಿಂಗೆರೆಯಿಂದ ಶುರುವಾಗುವ ಒಂದು ಸೂಚನೆ ಸಾಲಿದೆ; ಅದನ್ನು ಯಾವ ಲೆಕ್ಕಕ್ಕೂ ಸೇರಿಸಬಾರದು. ಖಾಲಿ ಸಾಲಿನ ಮುಂದಿರಬೇಕಾದ ಒಂದು ಖಾಲಿ ಜಾಗವನ್ನು ಕೆಲವು ಇಮೇಲ್ ತಂತ್ರಾಂಶಗಳು ಅಳಿಸಿಬಿಡುತ್ತವೆ. ಆಗ ಬರುವ ಪೂರಾ ಖಾಲಿ ಸಾಲನ್ನು ಏನೆಂದು ಎಣಿಸಿದ್ದಾರೆ? ಎಲ್ಲಕ್ಕಿಂತ ಮುಖ್ಯ, ಸಾಲು ಎಂದರೆ ಯಾವುದು? ಪೈಥಾನ್ ಭಾಷೆಯಲ್ಲಿ ಸಾಲು ಬಿಡಿಸುವ ಸಿದ್ಧ ಸೌಲಭ್ಯವೊಂದಿದೆ. ಅದು ಸಾಲುಮುರಿಯ ಚಿಹ್ನೆಯಲ್ಲಷ್ಟೇ ಅಲ್ಲ, ಹಳೆಯ ಫೈಲುಗಳಲ್ಲಿ ಪುಟ ಬದಲಿಸಲು ಇಡುತ್ತಿದ್ದ ಚಿಹ್ನೆಯಲ್ಲೂ ಸಾಲನ್ನು ಮುರಿಯುತ್ತದೆ. ಡಿಫ್ ಒಂದು ಎಂದು ಎಣಿಸಿದ್ದು ಇಲ್ಲಿ ಎರಡಾಗುತ್ತದೆ, ಅಲ್ಲಿಂದ ಮುಂದೆ ಲೆಕ್ಕವೆಲ್ಲ ತಪ್ಪು. ಈ ಯಾವುದೂ ಬದಲಾದ ಸಾಲುಗಳನ್ನು ಮಾತ್ರ ನೋಡಿದರೆ ತಿಳಿಯುವುದಿಲ್ಲ.

ಪರೀಕ್ಷೆಯ ವಿಷಯ ಬಂದಾಗ ಹರಿಹರದವರ ಅನುಭವ ನನ್ನ ಮಾತಿಗಿಂತ ದೊಡ್ಡದು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳನ್ನು ತಯಾರಿಸಿದ ಕೈಗಳು ಈ ಸಭೆಯಲ್ಲಿವೆ. ತೂತಿನ ಅಳತೆ ನೋಡುವ ಪ್ಲಗ್ ಗೇಜಿಗೆ ಎರಡು ತುದಿ. ‘ಗೋ’ ತುದಿ ಒಳಗೆ ಹೋಗಲೇಬೇಕು, ‘ನೋ ಗೋ’ ತುದಿ ಹೋಗಲೇಬಾರದು. ‘ಗೋ’ ಹೋಯಿತೆಂದು ಮಾತ್ರ ನೋಡಿ ಸರಕು ಪಾಸು ಮಾಡಿದ ಇನ್‌ಸ್ಪೆಕ್ಟರನ್ನು ಶಾಪಿನಲ್ಲಿ ಯಾರೂ ನಂಬುತ್ತಿರಲಿಲ್ಲ. ತಿದ್ದುಪಡಿಯ ಜೊತೆ ಬರುವ ಪರೀಕ್ಷೆಗೂ ಎರಡು ತುದಿ ಬೇಕು. ಹೊಸ ಕೋಡಿನಲ್ಲಿ ಅದು ಗೆಲ್ಲಬೇಕು, ಹಳೆಯ ಕೋಡಿನಲ್ಲಿ ಸೋಲಬೇಕು. ಹಳೆಯದರಲ್ಲೂ ಗೆಲ್ಲುವ ಪರೀಕ್ಷೆ ಈ ದೋಷವನ್ನು ಮುಟ್ಟಿಯೇ ಇಲ್ಲ. ತಿದ್ದುಪಡಿಯನ್ನು ತಾತ್ಕಾಲಿಕವಾಗಿ ತೆಗೆದು, ಪರೀಕ್ಷೆ ಸೋಲುವುದನ್ನು ಸ್ವತಃ ಕಣ್ಣಾರೆ ನೋಡದೆ ಒಪ್ಪಿಗೆ ಕೊಡಬಾರದು ಎಂದು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ.

ಇನ್ನು ಕನ್ನಡದ ಮಾತು. ಒಂದು ಫೈಲಿಗೆ ‘ಹರಿಹರ’ ಎಂದು ಹೆಸರಿಡಿ, ಗಿಟ್‌ಗೆ ಸೇರಿಸಿ, ಡಿಫ್ ಕೇಳಿ. ಮೊದಲೇ ಹೊಂದಾಣಿಕೆ ಬದಲಿಸಿರದಿದ್ದರೆ ಆ ಹೆಸರು ನಿಮಗೆ ಹೀಗೆ ಕಾಣುತ್ತದೆ:

\340\262\271\340\262\260\340\262\277\340\262\271\340\262\260

ನಾಲ್ಕು ಅಕ್ಷರ. ಯುನಿಕೋಡ್‌ನಲ್ಲಿ ಗುಣಿಸು ಸೇರಿ 5 ಸಂಕೇತ, ಒಂದೊಂದಕ್ಕೂ 3 ಬೈಟ್, ಒಟ್ಟು 15. ಇಂಗ್ಲಿಷ್ ಮೂಲ ಅಕ್ಷರಮಾಲೆಗೆ ಸೇರದ ಪ್ರತಿಯೊಂದು ಬೈಟನ್ನೂ ಗಿಟ್ ಎಂಟರ ಮೂಲದ ಸಂಖ್ಯೆಯಾಗಿ ಬರೆಯುತ್ತದೆ, ಇಡೀ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡುತ್ತದೆ. ಹೆಸರಿನ ಮೊದಲ ಚಿಹ್ನೆ ಯಾವುದೆಂದು ಮೊದಲೇ ಊಹಿಸಿಕೊಂಡ ಪಾರ್ಸರ್ ಆ ಉದ್ಧರಣ ಚಿಹ್ನೆಗೇ ಮುಗ್ಗರಿಸುತ್ತದೆ. ಅದನ್ನು ತಿದ್ದಿದವರು 340 ಎಂಬುದನ್ನೇ ಒಂದು ಅಕ್ಷರವೆಂದು ತಿಳಿದರೆ, ಹಕಾರದ ಜಾಗದಲ್ಲಿ ಫ್ರೆಂಚರು ಬಳಸುವ, ತಲೆಯ ಮೇಲೆ ಗೀಟಿರುವ ಒಂದು ಅಕ್ಷರವೂ ಅದರ ಹಿಂದೆ ಎರಡು ಅರ್ಥವಿಲ್ಲದ ಚಿಹ್ನೆಗಳೂ ಬರುತ್ತವೆ. ಮೂರು ಬೈಟುಗಳನ್ನು ಕೂಡಿಸಿದ ಮೇಲೆಯೇ ಅದು ‘ಹ’. ಪರೀಕ್ಷೆಗೆ ಇಂಗ್ಲಿಷ್ ಹೆಸರು ಮಾತ್ರ ಕೊಟ್ಟರೆ ಈ ತಪ್ಪು ತಿದ್ದುಪಡಿಯೂ ಪಾಸಾಗುತ್ತದೆ. ಅದನ್ನು ಬರೆದವರಲ್ಲಿ ಕೆಟ್ಟ ಉದ್ದೇಶವಿಲ್ಲ. ಅವರ ಮುಂದೆ ಕನ್ನಡದ ಹೆಸರು ಇಟ್ಟವರಿಲ್ಲ, ಅಷ್ಟೆ.

ಸಾಲಿನ ಒಳಗೂ ಇಂಥದ್ದೇ. ‘ಸಂತೆ’ ಎಂದು ಬರೆದಿದ್ದೀರಿ, ಇನ್ನೊಬ್ಬರು ‘ಸ೦ತೆ’ ಎಂದು ಬರೆದಿದ್ದಾರೆ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಎರಡನೆಯದರಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಇದೆ. ಅಂತರ್ಜಾಲದ ಕನ್ನಡದಲ್ಲಿ ಈ ತಪ್ಪು ಹೇರಳ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಯಾರಾದರೂ ಅದನ್ನು ತಿದ್ದಿದರೆ ಡಿಫ್‌ನಲ್ಲಿ ಒಂದು ಸಾಲು ಹೋಗಿ ಅದರಂತೆಯೇ ಕಾಣುವ ಇನ್ನೊಂದು ಬಂದಿರುತ್ತದೆ, ಕನ್ನಡ ತಿಳಿಯದ ಪರಿಶೀಲಕ ಇದೇನು ಸುಮ್ಮನೆ ಎಂದು ತಿರಸ್ಕರಿಸುತ್ತಾನೆ. ‘ಕೊ’ ಅಕ್ಷರದ ಗುಣಿಸನ್ನೂ ಒಂದೇ ಸಂಕೇತವಾಗಿ ಇಡಬಹುದು, ಬಿಡಿಸಿ ಎರಡಾಗಿಯೂ ಇಡಬಹುದು. ಎರಡೂ ಸಮ ಎಂದು ಯುನಿಕೋಡ್ ಒಪ್ಪುತ್ತದೆ, ಡಿಫ್ ಒಪ್ಪುವುದಿಲ್ಲ.

ಹಾಗಾದರೆ ಪಾರ್ಸರ್ ತಾನೇ ಇವನ್ನೆಲ್ಲ ಒಂದು ಮಾಡಿಬಿಡಲಿ ಎಂಬ ಸಲಹೆ ಬರುತ್ತದೆ. ನಾನು ಒಪ್ಪುವುದಿಲ್ಲ. ಪ್ರತಿಯಲ್ಲಿರುವ ಪಾಠವನ್ನು ಸಂಪಾದಕ ಗುಟ್ಟಾಗಿ ತಿದ್ದುವಂತಿಲ್ಲ ಎಂದು ನಮ್ಮ ಗ್ರಂಥಸಂಪಾದನೆ ಹೇಳುತ್ತದೆ. ಪಾರ್ಸರ್‌ಗೂ ಅದೇ ನಿಯಮ. ವ್ಯತ್ಯಾಸವನ್ನು ತೋರಿಸು, ಇದು ಕಣ್ಣಿಗೆ ಕಾಣದ ವ್ಯತ್ಯಾಸ ಎಂದು ಗುರುತು ಹಾಕು, ಮುಚ್ಚಬೇಡ.

2021ರಲ್ಲಿ ಕೇಂಬ್ರಿಜ್‌ನ ನಿಕೋಲಸ್ ಬೌಷರ್ ಮತ್ತು ರಾಸ್ ಆಂಡರ್ಸನ್ ಒಂದು ಅಪಾಯ ತೋರಿಸಿಕೊಟ್ಟರು. ಅರಬ್ಬಿ, ಹೀಬ್ರೂ ಬರಹಕ್ಕಾಗಿ ಇರುವ, ದಿಕ್ಕು ಬದಲಿಸುವ ಅದೃಶ್ಯ ಚಿಹ್ನೆಗಳನ್ನು ಕೋಡಿನಲ್ಲಿ ಅಡಗಿಸಿಟ್ಟರೆ, ಪರಿಶೀಲಕ ಓದುವುದೇ ಒಂದು, ಯಂತ್ರ ನಡೆಸುವುದೇ ಇನ್ನೊಂದು. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ ಕೂಡಲೇ ಅಂಥ ಫೈಲುಗಳ ಮೇಲೆ ಎಚ್ಚರಿಕೆ ತೋರಿಸತೊಡಗಿತು. ಅದು ಸರಿ. ಆದರೆ ಅವಸರದಲ್ಲಿ, ಕಾಣದ ಚಿಹ್ನೆಗಳೆಲ್ಲ ಕೆಟ್ಟವು, ಎಲ್ಲವನ್ನೂ ಕಿತ್ತುಹಾಕೋಣ ಎನ್ನುವ ತಿದ್ದುಪಡಿ ಬಂದರೆ ಏಟು ಬೀಳುವುದು ನಮಗೆ. ‘ರಾಜ್‌ಕುಮಾರ್’ ಎಂದು ಬರೆಯಲು ಜಕಾರಕ್ಕೂ ಕಕಾರಕ್ಕೂ ನಡುವೆ ಅವೆರಡು ಕೂಡದಂತೆ ತಡೆಯುವ ಕಾಣದ ಚಿಹ್ನೆಯೊಂದು ಬೇಕು. ಅದನ್ನು ಕಿತ್ತರೆ ‘ರಾಜ್ಕುಮಾರ್’ ಆಗುತ್ತದೆ. ಅರ್ಕಾವೊತ್ತಿನ ಬದಲು ರಕಾರವನ್ನು ಮುಂದೆ ಬರೆದು ‘ಕಾರ‍್ಯ’ ಎನ್ನುವವರಿಗೂ ಇಂಥದ್ದೇ ಇನ್ನೊಂದು ಚಿಹ್ನೆ ಬೇಕು. ಇದು ಭದ್ರತೆಗೆ ಅಪಾಯವಲ್ಲ, ಕಾಗುಣಿತಕ್ಕೆ ಅಗತ್ಯ ಎಂದು ಆ ಪರಿಶೀಲನೆಯಲ್ಲಿ ಎದ್ದು ಹೇಳಬಲ್ಲವರು ಕನ್ನಡ ಓದುವವರು ಮಾತ್ರ.

ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಬೇಡಿಕೆ. ನೀವು ಬಳಸುವ ಯಾವುದಾದರೂ ಮುಕ್ತ ತಂತ್ರಾಂಶದ ಡಿಫ್ ಪಾರ್ಸರ್ ಆರಿಸಿಕೊಳ್ಳಿ. ಕನ್ನಡ ಹೆಸರಿನ ಫೈಲು, ಎರಡು ಗೆರೆಯ ಕನ್ನಡ ಟಿಪ್ಪಣಿ ತೆಗೆದ ಸಾಲು, ಸೊನ್ನೆಯನ್ನು ಅನುಸ್ವಾರಕ್ಕೆ ತಿದ್ದಿದ ಸಾಲು, ಕಾಣದ ಚಿಹ್ನೆ ಉಳಿಯಬೇಕಾದ ಒಂದು ಹೆಸರು, ಇಷ್ಟನ್ನು ಒಂದು ಪರೀಕ್ಷೆಯಾಗಿ ಬರೆದು ಕಳಿಸಿ. ಅದು ಯಾಕೆ ಬೇಕೆಂದು ಕನ್ನಡ ಗೊತ್ತಿಲ್ಲದವರಿಗೂ ತಿಳಿಯುವಂತೆ ನಾಲ್ಕು ಸಾಲು ವಿವರಣೆ ಕೊಡಿ. ಕನ್ನಡ ಅಧ್ಯಾಪಕರು ಆ ಸಾಲುಗಳನ್ನು ಆರಿಸಿಕೊಡಲಿ, ಕಾಗುಣಿತ ನೋಡಿಕೊಡಲಿ. ಕಂಪ್ಯೂಟರ್ ವಿಭಾಗ ಮತ್ತು ಕನ್ನಡ ವಿಭಾಗ ಒಟ್ಟಿಗೆ ಕೂತು ಮಾಡಬಹುದಾದ ಕೆಲಸ ಇದು. ನಿಮ್ಮ ಪರೀಕ್ಷೆ ಒಮ್ಮೆ ಸ್ವೀಕಾರವಾದರೆ, ಮುಂದೆ ಯಾರು ಯಾವ ದೇಶದಲ್ಲಿ ಕೂತು ಆ ಪಾರ್ಸರ್ ತಿದ್ದಿದರೂ ಆ ಕನ್ನಡದ ಸಾಲುಗಳು ಪ್ರತಿ ಸಲವೂ ಪರೀಕ್ಷೆಗೆ ಬರುತ್ತವೆ.